ಘಟ್ಟದ ಮೇಲಿನ ಆಸ್ಪತ್ರೆಯಲ್ಲಿ ನಮ್ಮ ರೋಗಿ: ಶುಶ್ರೂಷೆಯ ಮೂಲಪಾಠಗಳು

ಕಾರವಾರ, ಅಂಕೋಲಾ, ಕುಮಟಾ ಕಡೆಯ ನಮ್ಮ ಧರ್ಮಕೇಂದ್ರಗಳಲ್ಲಿ "ಹುಬ್ಬಳ್ಳಿಗೆ ಕರೆದುಕೊಂಡು ಹೋದರಂತೆ" ಎಂದು ಯಾರಾದರೂ ಹೇಳಿದರೆ, ಏಕೆ ಎಂದು ಮತ್ತೆ ಯಾರೂ ಕೇಳುವುದಿಲ್ಲ. ಕಾಯಿಲೆ ಜೋರಾಗಿದೆ, ಇಲ್ಲಿ ಆಗಲಿಲ್ಲ, ಅಂಬುಲೆನ್ಸ್ ಅರಬೈಲ್ ಘಟ್ಟ ಹತ್ತಿದೆ ಎಂದೇ ಅದರ ಅರ್ಥ. ಕಾರವಾರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ ಈ ಪ್ರಯಾಣ ನಿಂತಿಲ್ಲ. ದಕ್ಷಿಣದ ತಾಲೂಕಿನವರು ಮಣಿಪಾಲ, ಮಂಗಳೂರು ಎನ್ನುತ್ತಾರೆ. ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿಯವರಿಗಂತೂ ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿ ಅಥವಾ ಧಾರವಾಡವೇ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಸರಕಾರಿ ಆಸ್ಪತ್ರೆಯ ಮೂಲ 1957ರಲ್ಲಿ ಆರಂಭವಾದ ಕರ್ನಾಟಕ ಮೆಡಿಕಲ್ ಕಾಲೇಜು. ನಾಡಿನ ಹೆಸರು ಇನ್ನೂ ಮೈಸೂರು ರಾಜ್ಯ ಎಂದಿದ್ದ ಕಾಲದಲ್ಲೇ ಕಾಲೇಜಿಗೆ ಕರ್ನಾಟಕ ಎಂಬ ಹೆಸರು ಬಂದಿತ್ತು ಎಂಬುದನ್ನು ಗಮನಿಸಬೇಕು. ಮುಂದೆ ಅದು ಕಿಮ್ಸ್ ಆಯಿತು, ಈಚೆಗೆ ಕೆಎಂಸಿಆರ್‌ಐ ಆಗಿದೆ. ಆಟೋದವರಿಗೆ ಈಗಲೂ ಕಿಮ್ಸ್ ಎಂದರೆ ಸಾಕು. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಮಾನಸಿಕ ಆರೋಗ್ಯಕ್ಕೆ ಡಿಮ್ಹಾನ್ಸ್ ಇವೆ. ಡಿಮ್ಹಾನ್ಸ್‌ನ ಮೂಲ 1845ರಷ್ಟು ಹಿಂದಿನದು. ಧರ್ಮಸಭೆಯ ಲೆಕ್ಕದಲ್ಲಿಯೂ ಆ ಊರು ನಮಗೆ ಪರಕೀಯವಲ್ಲ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ರಚನೆಯಾಗುವವರೆಗೆ ಉತ್ತರ ಕನ್ನಡವೂ ಧಾರವಾಡವೂ ಒಂದೇ ಬೆಳಗಾವಿ ಧರ್ಮಪ್ರಾಂತ್ಯದಲ್ಲಿದ್ದವು.

ಈ ಲೇಖನ ದಾದಿಯರಿಗಾಗಿ ಬರೆದದ್ದಲ್ಲ. ಅವರ ವಿದ್ಯೆ ನಮಗೆ ಬಾರದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಹಗಲು ರಾತ್ರಿ ಕುಳಿತುಕೊಳ್ಳುವ ಮನೆಯವರಿಗೆ, ಭೇಟಿಗೆ ಹೋಗುವ ಗುರಿಕಾರರಿಗೆ, ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ, ಧರ್ಮಭಗಿನಿಯರಿಗೆ ಮತ್ತು ನಮ್ಮಂಥ ಗುರುಗಳಿಗೆ ಶುಶ್ರೂಷೆಯ ಮೂಲಪಾಠಗಳು ಎಷ್ಟು ಬೇಕೋ ಅಷ್ಟನ್ನು ಇಲ್ಲಿ ಕೂಡಿಸಿದ್ದೇವೆ.

ಒಂದು "ಹ್ಞೂಂ"

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ವೃದ್ಧೆಯೊಬ್ಬರು ಘಟ್ಟದ ಮೇಲಿನ ಆಸ್ಪತ್ರೆಯೊಂದರಲ್ಲಿ ಸೊಂಟದ ಮೂಳೆ ಮುರಿದು ಮಲಗಿದ್ದರು. ಮೀನು ಮಾರಿ ಮಕ್ಕಳನ್ನು ಬೆಳೆಸಿದ ತಾಯಿ. ಮನೆಮಾತು ಕೊಂಕಣಿ, ಪೇಟೆಗೆ ಬೇಕಾದಷ್ಟು ಕನ್ನಡ. ದಿನವೂ ಬೆಳಿಗ್ಗೆ ಸಿಸ್ಟರ್ ಬಂದು "ಸಂಡಾಸ ಆತೇನ್ರಿ ಅಮ್ಮಾ?" ಎಂದು ಕೇಳುತ್ತಿದ್ದರು. ಈ ತಾಯಿ "ಹ್ಞೂಂ" ಎನ್ನುತ್ತಿದ್ದರು. ಮಾತು ಅರ್ಥವಾಗಿರಲಿಲ್ಲ ಎಂದಲ್ಲ. ಗಂಡಸರೂ ಓಡಾಡುವ ವಾರ್ಡಿನಲ್ಲಿ ಆ ಪ್ರಶ್ನೆಗೆ ಉತ್ತರಿಸುವ ನಾಚಿಕೆಯೇ ದೊಡ್ಡದಾಗಿತ್ತು. ಚೀಟಿಯಲ್ಲಿ ಸರಿ ಎಂದು ಗುರುತು ಬೀಳುತ್ತಿತ್ತು. ಆರನೆಯ ದಿನ ಹೊಟ್ಟೆ ಕಲ್ಲಿನಂತಾಗಿ ವಾಂತಿ ಶುರುವಾಯಿತು. ಆಗ ತರಬೇತಿಯಲ್ಲಿದ್ದ ಹುಡುಗಿಯೊಬ್ಬಳು ಪರದೆ ಎಳೆದು, ಹಾಸಿಗೆಯ ಮೇಲೆ ಕುಳಿತು, ಹೊಟ್ಟೆಯ ಮೇಲೆ ಕೈಯಿಟ್ಟು, "ಅಜ್ಜಿ, ಇಲ್ಲಿ ಬಂದ ದಿನದಿಂದ ಒಮ್ಮೆನೂ ಆಗಿಲ್ಲ ಹೌದಿಲ್ಲೋ?" ಎಂದು ಮೆಲ್ಲನೆ ಕೇಳಿದಳು. ವೃದ್ಧೆ ಅತ್ತರು. ಚಿಕಿತ್ಸೆ ಆಯಿತು, ಗುಣವಾದರು.

ಆ ಆರು ದಿನಗಳಲ್ಲಿ ನಾವು ಎರಡು ಸಲ ಹೋಗಿದ್ದೆವು. ಮಂಚದ ಕಾಲ ಬಳಿ ನಿಂತು ಪ್ರಾರ್ಥಿಸಿ, "ಎಲ್ಲ ಸರಿಯಾಗುತ್ತದೆ" ಎಂದು ಹೇಳಿ ಬಂದಿದ್ದೆವು. ಅವರ ಭಾಷೆ ನಮಗೆ ಬರುತ್ತಿತ್ತು. ನಾವೂ ಕೇಳಿರಲಿಲ್ಲ.

ಶುಶ್ರೂಷೆ ಎಂದರೇನು?

ಶುಶ್ರೂಷೆ ಎಂಬ ಸಂಸ್ಕೃತ ಪದದ ಮೂಲಾರ್ಥ "ಕೇಳಬೇಕೆಂಬ ಇಚ್ಛೆ". ಸೇವೆ ಎಂಬ ಅರ್ಥ ಅನಂತರ ಬಂದದ್ದು. ದಾದಿಯರ ಪಠ್ಯಕ್ರಮದಲ್ಲಿಯೂ ಕ್ರಮ ಹಾಗೆಯೇ ಇದೆ. ಮೊದಲು ರೋಗಿಯನ್ನು ನೋಡಿ, ಕೇಳಿ, ಮುಟ್ಟಿ ಸ್ಥಿತಿ ತಿಳಿಯುವುದು, ತೊಂದರೆ ಯಾವುದೆಂದು ಗುರುತಿಸುವುದು, ಏನು ಮಾಡಬೇಕೆಂದು ಯೋಜಿಸುವುದು, ಮಾಡುವುದು, ಮಾಡಿದ್ದರಿಂದ ಪ್ರಯೋಜನವಾಯಿತೇ ಎಂದು ಮತ್ತೆ ನೋಡುವುದು. ಡಾಕ್ಟರು ದಿನಕ್ಕೆ ಒಂದೆರಡು ಸಲ ಹಾಸಿಗೆಯ ಬಳಿ ಬರುತ್ತಾರೆ. ಉಳಿದ ಗಂಟೆಗಳಲ್ಲಿ ರೋಗಿಯ ಸ್ಥಿತಿ ಬದಲಾದರೆ ಮೊದಲು ತಿಳಿಯಬೇಕಾದವರು ದಾದಿ.

ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಶಿಕ್ಷಣ. ಸರಕಾರಿ ಆಸ್ಪತ್ರೆಗಳಲ್ಲಿ ಅವರ ಹುದ್ದೆಯ ಹೆಸರು ಈಗ ಶುಶ್ರೂಷಾಧಿಕಾರಿ. ವಾರ್ಡಿನಲ್ಲಿ ಮಾತ್ರ ಎಲ್ಲರೂ "ಸಿಸ್ಟರ್". (ಇದರಿಂದ ನಮ್ಮ ಧರ್ಮಭಗಿನಿಯರು ಭೇಟಿಗೆ ಹೋದಾಗ ಪಕ್ಕದ ಹಾಸಿಗೆಯವರು "ಸಿಸ್ಟರ್, ಸಲಾಯಿನ್ ಮುಗೀತು ನೋಡ್ರಿ" ಎಂದು ಕರೆಯುವುದುಂಟು.)

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಗಾಳಿ, ಬೆಳಕು, ಚೊಕ್ಕಟತನದ ಜೊತೆಗೆ ಭೇಟಿಗೆ ಬರುವವರ ಪೊಳ್ಳು ಭರವಸೆ ಮತ್ತು ಬಿಟ್ಟಿ ಸಲಹೆಗಳ ಮೇಲೆಯೇ ಒಂದು ಅಧ್ಯಾಯವಿದೆ. ರೋಗಿಗೆ ಕೇಳುವಷ್ಟು ಹತ್ತಿರ ನಿಂತು ಪಿಸುಗುಟ್ಟುವುದನ್ನು ಆಕೆ ಕ್ರೌರ್ಯವೆಂದೇ ಕರೆದರು. ನಮ್ಮ ಕರಾವಳಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದಾಗಲೂ ಔಷಧಕ್ಕಿಂತ ಹೆಚ್ಚು ಬೇಕಾದದ್ದು ಹುಣ್ಣು ತೊಳೆಯುವ ಕೈಗಳೇ.

ಹಾಸಿಗೆಯ ಪಕ್ಕದಲ್ಲಿ ಕುಳಿತವರು ನೋಡಬೇಕಾದದ್ದು

ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬ ದಾದಿಯ ಪಾಲಿಗೆ ಬರುವ ಹಾಸಿಗೆಗಳು ಹೆಚ್ಚು. "ಪೇಷಂಟ್ ಕಡಿಯವರು ಯಾರ್ರಿ?" ಎಂದು ಕೂಗಿದಾಗ ಎದ್ದು ನಿಲ್ಲುವ ವ್ಯಕ್ತಿ ಆ ವಾರ್ಡಿನ ಅರ್ಧ ಕೆಲಸ ಮಾಡುತ್ತಾನೆ ಅಥವಾ ಮಾಡುತ್ತಾಳೆ. ಆದ್ದರಿಂದ ಕೆಲವು ಸಂಗತಿಗಳನ್ನು ಸರಿಯಾಗಿ ತಿಳಿದಿರಬೇಕು.

ದೊಡ್ಡವರಲ್ಲಿ ವಿಶ್ರಾಂತಿಯ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ಮೈಯ ಬಿಸಿ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್ ಇರುವುದು ಸಾಮಾನ್ಯ. ಇವುಗಳಲ್ಲಿ ಮನೆಯವರು ಅತಿ ಕಡಿಮೆ ಗಮನಿಸುವುದು ಉಸಿರನ್ನು. ನಿದ್ದೆ ಮಾಡುವವರಂತೆ ಕಾಣುವ ರೋಗಿಯ ಎದೆ ನಿಮಿಷಕ್ಕೆ ಮೂವತ್ತು ಸಲ ಏರಿಳಿಯುತ್ತಿದ್ದರೆ ಅದು ನಿದ್ದೆಯಲ್ಲ, ಕೂಡಲೇ ಹೇಳಬೇಕಾದ ಸಂಗತಿ. ಬೆಳಿಗ್ಗೆ ಸರಿಯಾಗಿ ಮಾತಾಡುತ್ತಿದ್ದವರು ಸಂಜೆ ತೊದಲಿದರೆ, ಗೊಂದಲಗೊಂಡರೆ, ಮಕ್ಕಳನ್ನು ಗುರುತಿಸದಿದ್ದರೆ "ವಯಸ್ಸಾಯಿತು" ಎಂದು ಬಿಡಬಾರದು. ಈ ಬದಲಾವಣೆಯನ್ನು ದಾದಿಗಿಂತ ಮೊದಲು ಗುರುತಿಸಬಲ್ಲವರು ಮನೆಯವರು, ಏಕೆಂದರೆ ನಿನ್ನೆ ಅವರು ಹೇಗಿದ್ದರೆಂದು ಬಲ್ಲವರು ಅವರೇ.

ಮಗ್ಗುಲು ಬದಲಿಸಲಾರದ ರೋಗಿಗೆ ಒತ್ತಡದ ಹುಣ್ಣು ಬರುವುದು ಸೊಂಟದ ಹಿಂದೆ, ಹಿಮ್ಮಡಿಯಲ್ಲಿ, ಭುಜದ ಮೂಳೆಯ ಮೇಲೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆಯ ನಿಯಮ. ಬೆನ್ನುಮೂಳೆ, ಸೊಂಟದ ಪೆಟ್ಟಿದ್ದವರಿಗೆ ಹೇಗೆ ಎಂದು ಮೊದಲು ಕೇಳಿಕೊಳ್ಳಬೇಕು. ಹಾಸಿಗೆಯ ಬಟ್ಟೆ ಸುಕ್ಕಾಗಿರಬಾರದು, ಒದ್ದೆಯಾಗಿರಬಾರದು. ರೋಗಿಯನ್ನು ಎಳೆಯಬಾರದು, ಇಬ್ಬರು ಸೇರಿ ಬಟ್ಟೆಸಮೇತ ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದರಿಂದ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು. ಅಲ್ಲಿ ಒತ್ತಡ ಬೀಳದಂತೆ ನೋಡಿಕೊಂಡರೆ ಸಾಕು.

ಊಟದ ವಿಷಯದಲ್ಲಿ ನಮ್ಮವರಿಂದ ಆಗುವ ತಪ್ಪು ಪ್ರೀತಿಯಿಂದಲೇ ಆಗುತ್ತದೆ. ಮಲಗಿದವರ ಬಾಯಿಗೆ ಗಂಜಿ ಹಾಕುತ್ತಾರೆ. ಗಂಜಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಎದ್ದು ಕೂರಿಸಿ ಅಥವಾ ಮಂಚದ ತಲೆಭಾಗ ಚೆನ್ನಾಗಿ ಎತ್ತರಿಸಿ, ಸಣ್ಣ ಸಣ್ಣ ಚಮಚದಲ್ಲಿ ಕೊಡಬೇಕು, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಪಾರ್ಶ್ವವಾಯು ಆದವರಿಗೆ ನುಂಗಲು ಬರುತ್ತದೆಯೇ ಎಂದು ಆಸ್ಪತ್ರೆಯವರು ಪರೀಕ್ಷಿಸುವವರೆಗೆ ನೀರೂ ಬೇಡ. "ಬಾಯಿಗೆ ಏನೂ ಕೊಡಬೇಡಿ" ಎಂದರೆ ಚಹಾವನ್ನೂ ಕೊಡಬಾರದು.

ಮೂತ್ರದ ಚೀಲ ಯಾವಾಗಲೂ ರೋಗಿಯ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಮೇಲೆ ಸ್ಕ್ಯಾನಿಂಗಿಗೆ ಒಯ್ಯುವಾಗ ಚೀಲವನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಚೀಲದ ಮೂತ್ರ ಹಿಂದಕ್ಕೆ ಹರಿದರೆ ಸೋಂಕು ಒಳಗೆ ಹೋಗುತ್ತದೆ. ಸಲಾಯಿನ್ ಹಾಕಿದ ಕೈ ಊದಿದರೆ, ಕೆಂಪಾದರೆ, ಉರಿದರೆ ಹೇಳಬೇಕು. ಸಲಾಯಿನ್ನಿನ ಓಟವನ್ನಾಗಲಿ ಆಮ್ಲಜನಕವನ್ನಾಗಲಿ ಮನೆಯವರು ಹೆಚ್ಚು ಕಡಿಮೆ ಮಾಡಬಾರದು.

ಇನ್ನು ಔಷಧ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ: ಈ ಐದನ್ನು ದಾದಿಯರು ಪ್ರತಿ ಸಲವೂ ಪರಿಶೀಲಿಸುತ್ತಾರೆ. ಅದಕ್ಕಾಗಿಯೇ ಗೊತ್ತಿದ್ದರೂ ಮತ್ತೆ ಮತ್ತೆ ಹೆಸರು ಕೇಳುವುದು. ಒಂದೇ ವಾರ್ಡಿನಲ್ಲಿ ಇಬ್ಬರು ಮೇರಿ, ಇಬ್ಬರು ಫ್ರಾನ್ಸಿಸ್ ಇದ್ದರೆ ಏನಾಗಬಹುದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೂರ್ಣ ಹೆಸರು, ಮನೆತನದ ಹೆಸರು ಸೇರಿಸಿಯೇ ಉತ್ತರಿಸಿ.

ರೋಗ ತಡೆ: ಹುಬ್ಬಳ್ಳಿಯಲ್ಲೇ ಕಲಿತ ಎರಡು ಪಾಠ

ಆಸ್ಪತ್ರೆಯಲ್ಲಿ ಸೋಂಕು ಹೆಚ್ಚಾಗಿ ಪಯಣಿಸುವುದು ಕೈಗಳ ಮೂಲಕ. ರೋಗಿಯನ್ನು ಮುಟ್ಟುವ ಮೊದಲು ಮತ್ತು ಮುಟ್ಟಿದ ಮೇಲೆ ಕೈ ಶುಚಿ ಮಾಡಿಕೊಳ್ಳಬೇಕು. ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಉಜ್ಜಬೇಕು, ಸಾಬೂನಿನಿಂದಾದರೆ ಒಟ್ಟು 40ರಿಂದ 60 ಸೆಕೆಂಡು. ಭೇದಿಯ ರೋಗಿಯಿದ್ದಲ್ಲಿ ದ್ರಾವಣವನ್ನು ನಂಬಬಾರದು, ಸಾಬೂನು ನೀರೇ ಬೇಕು. ಇಷ್ಟು ಎಲ್ಲರಿಗೂ ಗೊತ್ತಿದೆ. ಆದರೆ ಗೊತ್ತಿರುವುದನ್ನು ಜನ ಮಾಡುವಂತೆ ಮಾಡುವುದು ಬೇರೆಯೇ ವಿದ್ಯೆ. ಇದನ್ನು ತೋರಿಸುವ ಪ್ರಸಂಗವೊಂದು ಹುಬ್ಬಳ್ಳಿಯ ಚರಿತ್ರೆಯಲ್ಲಿದೆ.

1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ಮುಂದೆ ಧಾರವಾಡ ಜಿಲ್ಲೆಗೂ ಹಬ್ಬಿತು. ಪುಣೆಯಲ್ಲಿ ಸೈನಿಕರನ್ನು ಬಿಟ್ಟು ಮನೆ ಮನೆ ಶೋಧಿಸಿದ ರೀತಿಗೆ ಜನ ರೊಚ್ಚಿಗೆದ್ದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಮರುವರ್ಷ, 1898ರಲ್ಲಿ, ಸುಮಾರು ಐವತ್ತು ಸಾವಿರ ಜನರ ಹುಬ್ಬಳ್ಳಿಯಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಹಾಫ್ಕಿನ್ ಅವರ ಹೊಸ ಲಸಿಕೆಯನ್ನು ಹಾಕಲಾಯಿತು. ಮುಂಬೈಯಲ್ಲಿ ಹಾಫ್ಕಿನ್ ಆ ಲಸಿಕೆಯನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿ ಒಂದೂವರೆ ವರ್ಷವೂ ಆಗಿರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಪ್ಲೇಗ್ ಇಲಿಯ ಚಿಗಟದಿಂದ ಹರಡುತ್ತದೆ ಎಂಬುದನ್ನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ. ಅಂದರೆ ರೋಗ ಹೇಗೆ ಬರುತ್ತದೆಂದು ಚುಚ್ಚುವವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಸದರ್ನ್ ಮರಾಠಾ ನೂಲಿನ ಗಿರಣಿಯ 1,173 ಕಾರ್ಮಿಕರ ಲೆಕ್ಕ ದಾಖಲೆಯಲ್ಲಿ ಉಳಿದಿದೆ. ಎರಡು ಸಲ ಚುಚ್ಚಿಸಿಕೊಂಡ 1,040 ಜನರಲ್ಲಿ ಸತ್ತವರು 22. ಒಮ್ಮೆ ಮಾತ್ರ ಚುಚ್ಚಿಸಿಕೊಂಡ 58 ಜನರಲ್ಲಿ 8. ಚುಚ್ಚಿಸಿಕೊಳ್ಳದ 75 ಜನರಲ್ಲಿ 20. ಈ ಲೆಕ್ಕದಲ್ಲಿ ಒಂದು ಕೊರತೆ ಇದೆ. ಎರಡನೆಯ ಚುಚ್ಚುಮದ್ದಿನವರೆಗೆ ಬದುಕಿದ್ದವರು ಮಾತ್ರ ಮೊದಲ ಗುಂಪಿಗೆ ಸೇರುತ್ತಾರೆ. ಆದ್ದರಿಂದ ಈ ಅಂತರವೆಲ್ಲ ಲಸಿಕೆಯದೇ ಎನ್ನಲಾಗದು. ಆದರೂ ನೂರಕ್ಕೆ ಎರಡು ಎಲ್ಲಿ, ನೂರಕ್ಕೆ ಇಪ್ಪತ್ತೇಳು ಎಲ್ಲಿ! ಲಸಿಕೆ ಹಾಕಿಸಿಕೊಂಡವರಿಗೆ ನಿರ್ಬಂಧಗಳಲ್ಲಿ ವಿನಾಯಿತಿಯ ಆಸೆಯೂ ಆ ಕಾಲದಲ್ಲಿತ್ತು, ಕಣ್ಣೆದುರಿನ ಸಾವಿನ ಭಯವೂ ಇತ್ತು. ಆದರೆ ಮನೆಗೆ ನುಗ್ಗಿ ಎಳೆದೊಯ್ಯುವ ದಾರಿಗಿಂತ ಜನರೇ ಸಾಲು ನಿಲ್ಲುವ ದಾರಿ ಹೆಚ್ಚು ಜೀವ ಉಳಿಸುತ್ತದೆ ಎಂದು ನಮಗೆ ಅನ್ನಿಸುತ್ತದೆ. ಕೋವಿಡ್ ಲಸಿಕೆಯ ದಿನಗಳಲ್ಲಿ ಹಿಂಜರಿದ ಹಿರಿಯರನ್ನು ಒಪ್ಪಿಸಲು ನಮ್ಮ ಗುರಿಕಾರರು ಮನೆ ಮನೆಯ ಜಗಲಿಯಲ್ಲಿ ಕುಳಿತದ್ದನ್ನು ಬಲ್ಲವರಿಗೆ ಇದು ತಿಳಿಯುತ್ತದೆ.

ಎರಡನೆಯ ಪಾಠ ನೀರಿನದು. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರು ಕೆಲವು ದಿನಕ್ಕೊಮ್ಮೆ ಬರುವುದು ಹಳೆಯ ಕಥೆ. 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ನೀರು ಹರಿಸುವ ಯೋಜನೆ ಜಾರಿಯಾಯಿತು. ಮುಂದೆ ಸಂಶೋಧಕರು ಎರಡೂ ಬಗೆಯ ವಾರ್ಡುಗಳನ್ನು ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರುವ ನಳದ ನೀರಿನ ಮಾದರಿಗಳಲ್ಲಿ ಸುಮಾರು ಮೂರರಲ್ಲೊಂದರಲ್ಲಿ ಮಲದ ಸೂಚಕ ಬ್ಯಾಕ್ಟೀರಿಯಾ ಸಿಕ್ಕಿತು, ಸದಾ ಹರಿಯುವ ನಳದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಸಾಮಾನ್ಯ ಭೇದಿಯ ಪ್ರಮಾಣದಲ್ಲಿ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಟೈಫಾಯ್ಡ್ ಮಾತ್ರ ಕಡಿಮೆಯಾಗಿತ್ತು, ಬಡ ಮನೆಗಳಲ್ಲಿ ರಕ್ತಭೇದಿಯೂ ಕಡಿಮೆಯಾಗಿತ್ತು. ಭೇದಿಗೆ ದಾರಿ ನಳವೊಂದೇ ಅಲ್ಲ. ನಳದಿಂದ ಚೊಕ್ಕಟವಾಗಿ ಬಂದ ನೀರೂ ಮನೆಯ ಕೊಡದಲ್ಲಿ, ಕೈ ಅದ್ದಿ ತೆಗೆಯುವ ಚೊಂಬಿನಲ್ಲಿ ಕೆಡುತ್ತದೆ. ಆಸ್ಪತ್ರೆಯ ಸುತ್ತಮುತ್ತ ಕೋಣೆ ಹಿಡಿದು ಉಳಿಯುವ ನಮ್ಮವರು ಇದನ್ನು ನೆನಪಿಡಬೇಕು: ಕುದಿಸಿದ ನೀರು, ಮುಚ್ಚಿದ ಪಾತ್ರೆ, ಉದ್ದ ಹಿಡಿಯ ಸೌಟು. ಹಾಗೆ ಶೇಖರಿಸಿದ ತೆರೆದ ನೀರಿನಲ್ಲೇ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ರೋಗಿಯನ್ನು ನೋಡಿಕೊಳ್ಳಲು ಹೋದವರೇ ಭೇದಿ ಹಿಡಿದು ಮಲಗಿದರೆ ಸ್ವಚ್ಛ ನೀರು ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯುತ್ತಿರಬೇಕು. ಇಲ್ಲಿ ಚಮಚ ಎಂದರೆ ಚಹಾ ಚಮಚ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಉತ್ತಮ.

ಗುಳಿಗಿ, ಸೂಜಿ, ಬ್ಯಾನಿ

ಘಟ್ಟದ ಕೆಳಗಿನವರು ಮೇಲೆ ಹೋದಾಗ ಕನ್ನಡವೇ ಸ್ವಲ್ಪ ಬದಲಾಗುತ್ತದೆ. ನಾವು ಮಾತ್ರೆ ಎಂದರೆ ಅವರು ಗುಳಿಗಿ. ನಾವು ಇಂಜೆಕ್ಷನ್ ಕೊಡುವುದು ಎಂದರೆ ಅವರದು ಸೂಜಿ ಮಾಡುವುದು. ಡ್ರಿಪ್ಸ್ ಹಾಕುವುದು ಅಲ್ಲಿ ಸಲಾಯಿನ್ ಹಚ್ಚುವುದು. ನೋವು ಬ್ಯಾನಿ ಆಗುತ್ತದೆ, ತಲೆನೋವು ತಲಿಶೂಲಿ ಆಗುತ್ತದೆ, ಉಸಿರುಕಟ್ಟಿದರೆ ದಮ್ಮು ಹತ್ತುವುದು. "ಆರಾಮ ಇಲ್ಲೇನ್ರಿ?" ಎಂದರೆ ಮೈ ಸರಿಯಿಲ್ಲವೇ ಎಂದು ಪ್ರಶ್ನೆ, ವಿಶ್ರಾಂತಿ ಸಿಗಲಿಲ್ಲವೇ ಎಂದಲ್ಲ. ಕೊಂಕಣಿಯ ಅಜ್ಜಿ "ದುಕ್ತಾ" ಎಂದರೆ ಬಿಜಾಪುರದ ಹುಡುಗಿಗೆ ಏನು ತಿಳಿದೀತು? "ತಾಪ್" ಎಂದರೆ ಜ್ವರ ಎಂದು ಆಕೆಗೆ ಹೇಗೆ ಗೊತ್ತಾಗಬೇಕು? ತ್ರಾಸ ಎಂಬ ಪದವೊಂದು ಎರಡೂ ಕಡೆ ನಡೆಯುತ್ತದೆ, ಪುಣ್ಯ. ಆದರೆ ತ್ರಾಸ ಎಲ್ಲಿ, ಎಷ್ಟು ಎಂದು ತಿಳಿಯದೆ ಚಿಕಿತ್ಸೆಯಿಲ್ಲ.

ಆದ್ದರಿಂದ ರೋಗಿಯ ಜೊತೆ ಹೋಗುವವರು ಮೊದಲ ದಿನವೇ ದಾದಿಗೆ "ಇವರ ಮಾತು ಕೊಂಕಣಿ, ನೋವಿಗೆ ಹೀಗೆ ಹೇಳುತ್ತಾರೆ" ಎಂದು ತಿಳಿಸಲಿ. ಒಂದು ಕಾಗದದಲ್ಲಿ ಕನ್ನಡ ಅಕ್ಷರದಲ್ಲೇ ಹತ್ತು ಪದ ಬರೆದು ಮಂಚದ ಪಕ್ಕ ಅಂಟಿಸಲಿ. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ಕೇಳುವ ಪದ್ಧತಿಯಿದೆ. ಅಂಕೆ ಹಿಡಿಸದವರಿಗೆ ಬೆರಳು ತೋರಿಸಲು ಹೇಳಬಹುದು. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. "ನಿನ್ನೆ ರಾತ್ರಿ ಹೇಗಾಯಿತು ಹೇಳಿ" ಎಂದು ಕೇಳಿ ಸುಮ್ಮನಿದ್ದರೆ ರೋಗಿಯೇ ಹೇಳುತ್ತಾರೆ. ನಾವು ಗುರುಗಳಿಗೆ ಈ ಸುಮ್ಮನಿರುವುದು ಕಷ್ಟ, ಸೆಮಿನರಿಯಲ್ಲಿ ನಮಗೆ ಮಾತಾಡಲು ಕಲಿಸುತ್ತಾರೆ.

ದಾದಿಗೆ ಸುದ್ದಿ ಮುಟ್ಟಿಸುವಾಗಲೂ ಕ್ರಮ ಬೇಕು. "ಸಿಸ್ಟರ್, ಬೇಗ ಬನ್ನಿ, ಅಪ್ಪನಿಗೆ ಏನೋ ಆಗ್ತಾ ಇದೆ" ಎನ್ನುವುದಕ್ಕಿಂತ "ಹನ್ನೆರಡನೇ ಹಾಸಿಗೆ, ನಿನ್ನೆ ಆಪರೇಷನ್ ಆದವರು, ಅರ್ಧ ಗಂಟೆಯಿಂದ ದಮ್ಮು ಹತ್ತಿದೆ, ಬೆವರುತ್ತಿದ್ದಾರೆ, ಈಗಲೇ ನೋಡಬೇಕು" ಎಂದರೆ ಅವರು ಕೈಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಮಾಹಿತಿ ಕೈತಪ್ಪುವ ಸಂಭವ ಹೆಚ್ಚು. ಬೆಳಗಿನ ಪಾಳಿಯವರಿಗೆ ಹೇಳಿದ್ದನ್ನು ಮಧ್ಯಾಹ್ನದವರಿಗೂ ಒಮ್ಮೆ ಹೇಳಿದರೆ ತಪ್ಪಿಲ್ಲ. ಯಾವುದಾದರೂ ಔಷಧ ಒಗ್ಗದಿದ್ದರೆ, ಊರಿನಲ್ಲಿ ನಾಟಿ ಮದ್ದು ತೆಗೆದುಕೊಂಡಿದ್ದರೆ, ಬಿಪಿ ಗುಳಿಗೆ ಬಿಟ್ಟಿದ್ದರೆ, ಕುಡಿಯುವ ಅಭ್ಯಾಸವಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬಾರದು. ಕುಡಿತವನ್ನು ಮುಚ್ಚಿಟ್ಟವರು ಎರಡು ಮೂರನೆಯ ದಿನ ನಡುಗಿ, ಬಡಬಡಿಸಿ, ಜೀವಕ್ಕೇ ಅಪಾಯ ತಂದುಕೊಳ್ಳುವುದನ್ನು ವಾರ್ಡಿನವರು ಕಾಣುತ್ತಲೇ ಇರುತ್ತಾರೆ.

ಭೇಟಿಗೆ ಹೋಗುವ ಸಭಾಸೇವಕರಿಗೆ

ಮಂಚದ ಕಾಲ ಬಳಿ ನಿಲ್ಲಬೇಡಿ. ದಾದಿಯನ್ನು ಕೇಳಿ, ಸ್ಟೂಲ್ ಎಳೆದು, ರೋಗಿಯ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಐದು ನಿಮಿಷ ಕುಳಿತರೂ ರೋಗಿಗೆ ಅದು ಇನ್ನೂ ಹೆಚ್ಚು ಹೊತ್ತಿನಂತೆ ಅನ್ನಿಸುತ್ತದೆ. ಪಕ್ಕದ ಊರಿನಲ್ಲಿ ಇದೇ ಕಾಯಿಲೆಯಲ್ಲಿ ಯಾರು ತೀರಿಕೊಂಡರು ಎಂಬ ಕಥೆ ಬೇಡ.

ಪರಮಪ್ರಸಾದ ಒಯ್ಯುವವರು ಮೊದಲು ದಾದಿಯನ್ನು ಕೇಳಬೇಕು. ಆಪರೇಷನ್ನಿಗೆ ಸಿದ್ಧರಾಗಿರುವವರಿಗೆ, ನುಂಗಲಾರದವರಿಗೆ ಒಂದು ಚೂರು ಅಪ್ಪವೂ ಅಪಾಯವಾದೀತು. ಅಪ್ಪದ ರೂಪದಲ್ಲಿ ಸ್ವೀಕರಿಸಲಾಗದವರಿಗೆ ದ್ರಾಕ್ಷಾರಸದ ರೂಪವೊಂದರಲ್ಲೇ ಕೊಡಲು ಧರ್ಮಸಭೆಯ ನಿಯಮಸಂಹಿತೆಯ 925ನೇ ನಿಯಮ ಅವಕಾಶ ಕೊಡುತ್ತದೆ, ಆದರೆ ನೀರೂ ಗಂಟಲಲ್ಲಿ ಸಿಕ್ಕುವವರಿಗೆ ಅದೂ ಬೇಡ. ಆಗ ಪ್ರಾರ್ಥನೆ ಸಾಕು. ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆಯವರು ಪರಮಪ್ರಸಾದಕ್ಕಾಗಿ ತಿಂಡಿ ಬಿಟ್ಟು ತಲೆಸುತ್ತಿ ಬೀಳಬೇಕಾಗಿಲ್ಲ.

ರೋಗಿಗಳ ತೈಲಾಭ್ಯಂಗ ಸಂಸ್ಕಾರಕ್ಕೆ ಗುರುಗಳನ್ನು ಕರೆದರೆ "ಇನ್ನು ಮುಗಿಯಿತು" ಎಂದು ರೋಗಿ ಹೆದರುತ್ತಾರೆ ಎಂಬ ಕಾರಣಕ್ಕೆ ಮನೆಯವರು ಪ್ರಜ್ಞೆ ತಪ್ಪುವವರೆಗೆ ಕಾಯುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ಕೊನೆಗಳಿಗೆಯವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ ಎಂದು ಸ್ಪಷ್ಟಪಡಿಸಿ ಅರವತ್ತು ವರ್ಷಗಳೇ ಕಳೆದಿವೆ. ದೊಡ್ಡ ಆಪರೇಷನ್ನಿಗೆ ಮುಂಚೆ ರೋಗಿ ಎಚ್ಚರವಾಗಿದ್ದು "ಆಮೆನ್" ಎನ್ನಬಲ್ಲ ಹೊತ್ತಿನಲ್ಲಿ ಕರೆಯಿರಿ.

ಗುಟ್ಟಿನ ವಿಷಯದಲ್ಲಿ ನಾವೇ ತಪ್ಪುತ್ತಿದ್ದೇವೆ. ಭಾನುವಾರದ ಪೂಜೆಯಲ್ಲಿ "ಹುಬ್ಬಳ್ಳಿಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಇಂಥವರಿಗಾಗಿ" ಎಂದು ಹೆಸರು ಹಿಡಿದು ಪ್ರಾರ್ಥಿಸುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ರೋಗದ ಹೆಸರನ್ನು ರೋಗಿಗೇ ಇನ್ನೂ ಯಾರೂ ಹೇಳಿರದಿದ್ದರೆ? ಕ್ಷಯ, ಎಚ್‌ಐವಿ, ಮನೋರೋಗದ ವಿಷಯದಲ್ಲಂತೂ ಒಂದು ಬಾಯಿಮಾತು ಮನೆಯ ಮದುವೆ ಮಾತುಕತೆಯನ್ನೇ ಕೆಡಿಸೀತು. ಹೆಸರು ಹೇಳಬಹುದೇ ಎಂದು ರೋಗಿಯನ್ನು ಕೇಳಿ. ಕಾಯಿಲೆಯ ಹೆಸರು ದೇವರಿಗೆ ಗೊತ್ತಿದೆ, ಧ್ವನಿವರ್ಧಕದಲ್ಲಿ ತಿಳಿಸುವ ಅಗತ್ಯವಿಲ್ಲ.

ಬಿಡುಗಡೆಯ ದಿನ

ಮನೆಗೆ ಕಳುಹಿಸುವ ದಿನ ಎಲ್ಲರಿಗೂ ಅವಸರ. ಬಿಲ್ಲು, ಆಯುಷ್ಮಾನ್ ಕಾರ್ಡಿನ ಕಾಗದ, ಸಂಜೆಯೊಳಗೆ ಘಟ್ಟ ಇಳಿಯಬೇಕೆಂಬ ಆತುರ. ದಾದಿ ಐದು ಬಗೆಯ ಗುಳಿಗೆಗಳನ್ನು ಒಂದೇ ಉಸಿರಿನಲ್ಲಿ ವಿವರಿಸುತ್ತಾರೆ, ಮನೆಯವರು "ಹೌದು, ಹೌದು" ಎಂದು ತಲೆಯಾಡಿಸುತ್ತಾರೆ. ಆ ಅಜ್ಜಿಯ "ಹ್ಞೂಂ"ಗೂ ಇದಕ್ಕೂ ವ್ಯತ್ಯಾಸವಿಲ್ಲ. ಕೇಳಿದ್ದನ್ನು ಅವರೆದುರೇ ತಿರುಗಿ ಹೇಳಿ: "ಈ ಬಿಳಿಯದು ಬೆಳಿಗ್ಗೆ ತಿಂಡಿಗೆ ಮೊದಲು, ಇದು ರಾತ್ರಿ, ಐದು ದಿನವಾದ ಮೇಲೆ ನಿಲ್ಲಿಸಬೇಕು, ಸರಿಯೇ?" ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಓದಲು ಬಾರದವರಿಗಾಗಿ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆಯಿಸಿಕೊಳ್ಳಿ. ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರಬೇಕು, ರಾತ್ರಿ ಹೊತ್ತಾದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಕೇಳದೆ ಹೊರಡಬೇಡಿ. 108 ಅಂಬುಲೆನ್ಸ್ ಮನೆಬಾಗಿಲಿಗೆ ಬರುವ ದಾರಿ ಇದೆಯೇ, ಇಲ್ಲದಿದ್ದರೆ ರಸ್ತೆಯವರೆಗೆ ಹೊರುವವರು ಯಾರು ಎಂದು ಗುರಿಕಾರರು ಮೊದಲೇ ವಿಚಾರಿಸಿಡಲಿ.

ಮನೆಗೆ ಬಂದ ಮೊದಲ ವಾರದಲ್ಲಿ ಗುಳಿಗೆ ತಪ್ಪುವುದು, ಗಾಯ ಕೀವಾಗುವುದು, ಬಿದ್ದು ಮತ್ತೆ ಮೂಳೆ ಮುರಿಯುವುದು ಹೆಚ್ಚು. ಧರ್ಮಕೇಂದ್ರದಲ್ಲಿ ನಿವೃತ್ತ ದಾದಿಯರು ಇದ್ದೇ ಇರುತ್ತಾರೆ, ಕೊಲ್ಲಿ ದೇಶಗಳಲ್ಲಿ ದುಡಿದು ಮರಳಿದವರೂ ಇರುತ್ತಾರೆ. ಮೂರನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಅವರೊಬ್ಬರು ಹೋಗಿ ಬರುವಂತೆ ವಾರ್ಡುವಾರು ಪಟ್ಟಿ ಮಾಡಿಕೊಂಡರೆ ಖರ್ಚೇನೂ ಇಲ್ಲ. ನಮ್ಮಲ್ಲಿ ಇದನ್ನು ಆರಂಭಿಸಿದಾಗ ಮೊದಲ ಪಟ್ಟಿಗೆ ಹೆಸರು ಕೊಟ್ಟವರು ಮೂವರು. ಅವರಲ್ಲಿ ಒಬ್ಬರು ಆ ಮೀನು ಮಾರುವ ತಾಯಿಯ ಮಗಳು. ದಾದಿಯ ಶಿಕ್ಷಣ ಆಕೆಗಿಲ್ಲ. "ಕೇಳಲಿಕ್ಕೆ ಬರ್ತದಲ್ಲ ಫಾದರ್" ಎಂದರು.